ಒಂದು ಗೇಟ್ ಮುರಿದರೆ ಉಳಿದ ಮೂವತ್ತೆರಡರ ಬಗ್ಗೆ ಏನು ತಿಳಿಯುತ್ತದೆ?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್‌ನ ಚೈನ್ ಲಿಂಕ್ ತುಂಡಾಗಿ, ಗೇಟ್ ನೀರಿನಲ್ಲಿ ಕೊಚ್ಚಿಹೋಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಗೇಟ್ ಅದು. ಜಲಾಶಯ ಆಗಷ್ಟೇ ಭರ್ತಿಯಾಗಿತ್ತು. ಆ ಒಂದೇ ಕಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗತೊಡಗಿದ ಮೇಲೆ, ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟ್‌ಗಳನ್ನೂ ಎತ್ತಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ತರಾತುರಿಯಲ್ಲಿ ತಯಾರಿಸಿದ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆ ತುಂಡುಗಳನ್ನು ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸಿ, ಒಂದು ವಾರದಲ್ಲಿ ಕಂಡಿ ಮುಚ್ಚಲಾಯಿತು. ಅಷ್ಟರಲ್ಲಿ ಮೂವತ್ತು ಟಿಎಂಸಿ ಅಡಿಗೂ ಹೆಚ್ಚು ನೀರು ನದಿ ಪಾಲಾಗಿತ್ತು.

ಆ ವಾರವಿಡೀ ಚರ್ಚೆ ನಡೆದದ್ದು 19ನೇ ಗೇಟ್‌ನ ಬಗ್ಗೆ. ನನ್ನನ್ನು ಕಾಡಿದ್ದು ಉಳಿದ ಮೂವತ್ತೆರಡು. ಅವುಗಳಲ್ಲಿ ಒಂದೂ ಮುರಿದಿರಲಿಲ್ಲ. ಹಿಂದಿನ ದಿನ ಹೇಗಿದ್ದವೋ ಹಾಗೆಯೇ ನಿಂತಿದ್ದವು. ಆದರೂ ಆಗಸ್ಟ್ 9ರಂದು ಅವುಗಳ ಮೇಲೆ ಇಡಬಹುದಾಗಿದ್ದ ನಂಬಿಕೆಯನ್ನು ಆಗಸ್ಟ್ 11ರಂದು ಇಡುವಂತಿರಲಿಲ್ಲ. ಗೇಟ್‌ಗಳು ಬದಲಾಗಿರಲಿಲ್ಲ, ಅವುಗಳ ಬಗ್ಗೆ ನಮ್ಮ ತಿಳಿವಳಿಕೆ ಬದಲಾಗಿತ್ತು. ಈ ಬದಲಾವಣೆ ಎಷ್ಟು ಎಂದು ಲೆಕ್ಕ ಹಾಕಿ ಹೇಳುವ ವಿಧಾನವೊಂದಿದೆ. ಅದರ ಹೆಸರು ಬೇಯೆಸಿಯನ್ ನೆಟ್‌ವರ್ಕ್.

ನಮ್ಮಲ್ಲಿ ಅಪಾಯದ ಅಂದಾಜು ಎಂದರೆ ಸಾಮಾನ್ಯವಾಗಿ ಒಂದು ಪಟ್ಟಿ. ಇಲಾಖೆಯಿರಲಿ, ಬ್ಯಾಂಕ್ ಇರಲಿ, ಕಾರ್ಖಾನೆಯಿರಲಿ, ಕೆಡಬಹುದಾದ ಸಂಗತಿಗಳನ್ನು ಸಾಲಾಗಿ ಬರೆದು, ಪ್ರತಿಯೊಂದರ ಎದುರು ಅದು ನಡೆಯುವ ಸಾಧ್ಯತೆ ಎಷ್ಟು, ನಡೆದರೆ ಹಾನಿ ಎಷ್ಟು ಎಂದು ಒಂದರಿಂದ ಐದರವರೆಗೆ ಅಂಕ ಕೊಟ್ಟು, ಎರಡನ್ನೂ ಗುಣಿಸಿ, ಕೆಂಪು, ಹಳದಿ, ಹಸಿರು ಬಣ್ಣ ಬಳಿಯುತ್ತಾರೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಸಭೆಯಲ್ಲಿ ಬೇಗ ಅನುಮೋದನೆಯೂ ಸಿಗುತ್ತದೆ. ಆದರೆ ಈ ಪಟ್ಟಿಯಲ್ಲಿ ಒಂದು ಸಾಲಿಗೂ ಇನ್ನೊಂದಕ್ಕೂ ಸಂಬಂಧವೇ ಇರುವುದಿಲ್ಲ. ಗೇಟ್ 18 ಒಂದು ಸಾಲು, ಗೇಟ್ 19 ಮತ್ತೊಂದು ಸಾಲು. ಎರಡನ್ನೂ ಒಂದೇ ಕಾಲದಲ್ಲಿ ಕೂರಿಸಿದ್ದಾರೆ, ಎರಡೂ ಒಂದೇ ನೀರಿನಲ್ಲಿ ಎಪ್ಪತ್ತು ವರ್ಷ ನೆಂದಿವೆ, ಎರಡಕ್ಕೂ ಒಂದೇ ಸಿಬ್ಬಂದಿ ಗ್ರೀಸ್ ಹಚ್ಚಿದ್ದಾರೆ ಎಂಬುದನ್ನು ಬರೆಯಲು ಅಲ್ಲಿ ಜಾಗವೇ ಇಲ್ಲ. ದೊಡ್ಡ ಅವಘಡಗಳು ಹುಟ್ಟುವುದು ಹೆಚ್ಚಾಗಿ ಬರೆಯಲು ಜಾಗವಿಲ್ಲದ ಆ ಸಂಬಂಧಗಳಲ್ಲಿಯೇ.

ಬೇಯೆಸಿಯನ್ ನೆಟ್‌ವರ್ಕ್ ಪಟ್ಟಿಯ ಬದಲು ಚಿತ್ರದಿಂದ ಆರಂಭವಾಗುತ್ತದೆ. ನಮಗೆ ಖಚಿತವಾಗಿ ಗೊತ್ತಿಲ್ಲದ ಒಂದೊಂದು ಸಂಗತಿಗೂ ಒಂದೊಂದು ಬಿಂದು: ಚೈನ್‌ಗಳ ಸವೆತ, ಒಳಹರಿವು, ನೀರಿನ ಮಟ್ಟ, ಗೇಟ್ ಮುರಿಯುವಿಕೆ. ಒಂದು ಸಂಗತಿ ಇನ್ನೊಂದರ ಮೇಲೆ ಪ್ರಭಾವ ಬೀರುವ ಕಡೆ ಒಂದು ಬಾಣ. ಸವೆತದಿಂದ ಮುರಿಯುವಿಕೆಗೆ ಬಾಣ, ನೀರಿನ ಮಟ್ಟದಿಂದ ಮುರಿಯುವಿಕೆಗೆ ಇನ್ನೊಂದು. ನಂತರ ಪ್ರತಿ ಬಿಂದುವಿಗೂ ಒಂದು ಕೋಷ್ಟಕ: ಬಾಣದ ಹಿಂದಿರುವ ಸಂಗತಿ ಹೀಗಿದ್ದರೆ ಈ ಬಿಂದುವಿನ ಸಂಭವನೀಯತೆ ಇಷ್ಟು, ಹಾಗಿದ್ದರೆ ಅಷ್ಟು. ಷರತ್ತು ಒಂದೇ, ಬಾಣಗಳನ್ನು ಹಿಡಿದು ಹೊರಟರೆ ಹೊರಟ ಬಿಂದುವಿಗೇ ಮರಳಿ ಬರುವಂತಿರಬಾರದು. ಬಾಣಗಳು ಕಾರಣದಿಂದ ಪರಿಣಾಮದ ಕಡೆಗೆ ಇರುತ್ತವೆ, ಆದರೆ ಲೆಕ್ಕ ಎರಡೂ ದಿಕ್ಕಿನಲ್ಲಿ ಹರಿಯುತ್ತದೆ. ಪರಿಣಾಮ ಕಣ್ಣಿಗೆ ಬಿದ್ದೊಡನೆ ಕಾರಣದ ಮೇಲಿನ ಅನುಮಾನ ಏರುತ್ತದೆ, ಆ ಕಾರಣದಿಂದ ಹೊರಟ ಬೇರೆ ಬಾಣಗಳ ತುದಿಯ ಸಂಭವನೀಯತೆಗಳೂ ಏರುತ್ತವೆ.

ಇದರ ಬೇರು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಬರೆದಿಟ್ಟು ತೀರಿಕೊಂಡ, 1763ರಲ್ಲಿ ಅವರ ಗೆಳೆಯ ರಿಚರ್ಡ್ ಪ್ರೈಸ್ ಮೂಲಕ ಬೆಳಕಿಗೆ ಬಂದ ಪ್ರಬಂಧದಲ್ಲಿದೆ. ಅದನ್ನು ಜಾಲದ ರೂಪಕ್ಕೆ ತಂದು 1985ರಲ್ಲಿ ಈ ಹೆಸರಿಟ್ಟವರು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ವಿಜ್ಞಾನಿ ಜೂಡಿಯಾ ಪರ್ಲ್. 2011ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು. ದೊಡ್ಡ ಜಾಲಗಳನ್ನು ಕಂಪ್ಯೂಟರ್‌ನಲ್ಲಿ ಬಿಡಿಸುವ ದಾರಿಯನ್ನು 1988ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಲಾರಿಟ್ಜೆನ್ ಮತ್ತು ಸ್ಪೀಗಲ್‌ಹಾಲ್ಟರ್ ತೋರಿಸಿದ ಮೇಲೆ ರೋಗನಿರ್ಣಯ, ವಿಮಾನ ಸುರಕ್ಷತೆ, ಅಣುಸ್ಥಾವರ, ಬ್ಯಾಂಕಿಂಗ್ ಎಲ್ಲೆಡೆ ಇದು ಹಬ್ಬಿತು.

ಈಗ ಅಣೆಕಟ್ಟೆಗೆ ಬರೋಣ. ಮುಂದಿನ ಅಂಕಿಗಳು ವಿಧಾನ ತೋರಿಸಲು ನಾನು ಕಲ್ಪಿಸಿಕೊಂಡವು, ತುಂಗಭದ್ರೆಯ ಅಳತೆಗಳಲ್ಲ. ಮೂವತ್ತಮೂರು ಗೇಟ್‌ಗಳ ಚೈನ್‌ಗಳಿಗೂ ಸಾಮಾನ್ಯವಾದ ಒಂದು ಬಿಂದು ಇಡೋಣ: ‘ಒಟ್ಟಾರೆ ಸವೆದಿವೆ’ ಅಥವಾ ‘ಗಟ್ಟಿಯಾಗಿವೆ’. ಸವೆದಿರುವ ಸಾಧ್ಯತೆ ಶೇಕಡಾ 10 ಎಂದು ಎಂಜಿನಿಯರ್‌ಗಳು ನಂಬಿದ್ದಾರೆ ಎಂದುಕೊಳ್ಳಿ. ಗಟ್ಟಿಯಾಗಿದ್ದರೆ ಒಂದು ಮಳೆಗಾಲದಲ್ಲಿ ಒಂದು ಗೇಟ್ ಮುರಿಯುವ ಸಂಭವ ಹತ್ತು ಸಾವಿರಕ್ಕೆ ಒಂದು, ಸವೆದಿದ್ದರೆ ಇನ್ನೂರಕ್ಕೆ ಒಂದು.

ಯಾವ ಗೇಟೂ ಮುರಿಯುವ ಮೊದಲು, ಮೂವತ್ತೆರಡು ಗೇಟ್‌ಗಳಲ್ಲಿ ಒಂದಾದರೂ ಮುರಿಯುವ ಸಂಭವ ಶೇಕಡಾ 2ಕ್ಕಿಂತ ಕಡಿಮೆ. ಈಗ ಒಂದು ಗೇಟ್ ಮುರಿಯಿತು. ಚೈನ್‌ಗಳು ಗಟ್ಟಿಯಾಗಿದ್ದರೆ ಮೂವತ್ತಮೂರರಲ್ಲಿ ಒಂದಾದರೂ ಮುರಿಯುವ ಸಂಭವ ಸಾವಿರಕ್ಕೆ ಮೂರರಷ್ಟು ಮಾತ್ರ, ಸವೆದಿದ್ದರೆ ನೂರಕ್ಕೆ ಹದಿನೈದು. ಎರಡನ್ನೂ ಮೊದಲಿನ ನಂಬಿಕೆಯೊಂದಿಗೆ ತೂಗಿದರೆ, ‘ಒಟ್ಟಾರೆ ಸವೆದಿವೆ’ ಎಂಬುದರ ಸಂಭವನೀಯತೆ ಶೇಕಡಾ 10ರಿಂದ ಸುಮಾರು 84ಕ್ಕೆ ಜಿಗಿಯುತ್ತದೆ. ಹೀಗೆ ಏರಿದ ಅನುಮಾನ ಬಾಣಗಳ ಮೂಲಕ ಉಳಿದ ಗೇಟ್‌ಗಳಿಗೆ ಇಳಿದಾಗ, ಅವುಗಳಲ್ಲಿ ಇನ್ನೊಂದು ಮುರಿಯುವ ಸಂಭವ ಶೇಕಡಾ 12ಕ್ಕಿಂತ ಹೆಚ್ಚಾಗುತ್ತದೆ.

ಬಣ್ಣ ಬಳಿದ ಪಟ್ಟಿಯ ಲೆಕ್ಕ ಹೇಗಿರುತ್ತದೆ? ಅಲ್ಲಿ ಗೇಟ್ 19ರ ಸಾಲು ಕೆಂಪಾಗುತ್ತದೆ, ಅಷ್ಟೇ. ಉಳಿದ ಮೂವತ್ತೆರಡು ಸಾಲುಗಳು ಹಸಿರಾಗಿಯೇ ಇರುತ್ತವೆ, ಅವುಗಳ ಒಟ್ಟು ಸಂಭವ ಶೇಕಡಾ 2ರ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಅದೇ ಗೇಟ್‌ಗಳು, ಅದೇ ಆರಂಭಿಕ ಅಂಕಿಗಳು, ಆದರೆ ಉತ್ತರದಲ್ಲಿ ಆರೇಳು ಪಟ್ಟು ವ್ಯತ್ಯಾಸ. ಒಂದು ಸಾಮಾನ್ಯ ಕಾರಣವನ್ನು ಚಿತ್ರದಲ್ಲಿ ಬರೆದದ್ದು ಬಿಟ್ಟರೆ ನಾವು ಬೇರೇನೂ ಮಾಡಿಲ್ಲ.

ಈ ಲೆಕ್ಕ ಭಯ ಹುಟ್ಟಿಸುವುದಕ್ಕಷ್ಟೇ ಇರುವುದಲ್ಲ, ಭಯ ಇಳಿಸಲೂ ಬರುತ್ತದೆ. ಮುರಿದ ಗೇಟ್‌ಗೆ ಆ ರಾತ್ರಿ ಭಾರೀ ಮರದ ದಿಮ್ಮಿ ಬಡಿದಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು ಎಂದು ಊಹಿಸಿಕೊಳ್ಳಿ. ಆಗ ಮುರಿಯುವಿಕೆಗೆ ಆ ಗೇಟ್‌ನದ್ದೇ ಆದ ಕಾರಣ ಸಿಕ್ಕಿತು. ಸಾಮಾನ್ಯ ಸವೆತದ ಮೇಲಿನ ಅನುಮಾನ ತಾನಾಗಿಯೇ ಇಳಿಯುತ್ತದೆ, ಉಳಿದ ಗೇಟ್‌ಗಳ ಮೇಲಿನ ಆತಂಕವೂ ತಗ್ಗುತ್ತದೆ. ಒಂದು ಪರಿಣಾಮಕ್ಕೆ ಎರಡು ಕಾರಣಗಳು ಪೈಪೋಟಿಯಲ್ಲಿದ್ದಾಗ ಒಂದಕ್ಕೆ ಪುರಾವೆ ಸಿಕ್ಕರೆ ಇನ್ನೊಂದು ಹಿಂದೆ ಸರಿಯುತ್ತದೆ. ಅನುಭವಿ ವೈದ್ಯರು, ಪೊಲೀಸ್ ತನಿಖಾಧಿಕಾರಿಗಳು ದಿನನಿತ್ಯ ಮಾಡುವ ತರ್ಕ ಇದೇ. ಜಾಲ ಅದನ್ನು ಅಂಕಿಯಲ್ಲಿ ಮಾಡುತ್ತದೆ.

ಬಿಂದುಗಳ ನಡುವಿನ ಸಂಬಂಧವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ನಡೆದ ಒಂದು ಹುಡುಕಾಟ ಸಾಕ್ಷಿ. 2009ರ ಜೂನ್ 1ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನ 228 ಜನರೊಂದಿಗೆ ಸಮುದ್ರಕ್ಕೆ ಬಿದ್ದಿತು. ಕೆಲವು ದಿನಗಳಲ್ಲಿ ಮೇಲೆ ತೇಲಿದ ತುಣುಕುಗಳು, ಶವಗಳು ಸಿಕ್ಕವು. ವಿಮಾನದ ಮುಖ್ಯ ಭಾಗ ಮತ್ತು ಕಪ್ಪುಪೆಟ್ಟಿಗೆಗಳು ಸುಮಾರು ಎರಡು ವರ್ಷ ಕಳೆದರೂ ಸಿಗಲಿಲ್ಲ. ಕೊನೆಗೆ ಫ್ರಾನ್ಸಿನ ತನಿಖಾ ಸಂಸ್ಥೆ ಬಿಇಎ, ಅಮೆರಿಕದ ಮೆಟ್ರಾನ್ ಎಂಬ ಸಂಸ್ಥೆಯ ಗಣಿತಜ್ಞರಿಗೆ ಹಳೆಯ ಎಲ್ಲ ಹುಡುಕಾಟಗಳ ದಾಖಲೆ ಕೊಟ್ಟು, ಬೇಯ್ಸ್ ವಿಧಾನದಲ್ಲಿ ಸಂಭವನೀಯತೆಯ ನಕ್ಷೆ ಮಾಡಲು ಹೇಳಿತು.

ವಿಮಾನದ ಎರಡು ದಾಖಲೆ ಪೆಟ್ಟಿಗೆಗಳಿಗೂ ನೀರಿನಡಿಯಲ್ಲಿ ಶಬ್ದ ಹೊರಡಿಸುವ ಬೀಕನ್‌ಗಳಿದ್ದವು. ಅಪಘಾತವಾದ ಕೆಲವೇ ವಾರಗಳಲ್ಲಿ ಹಡಗುಗಳು ಆ ಶಬ್ದಕ್ಕೆ ಕಿವಿಗೊಟ್ಟು ಅಡ್ಡಾಡಿದ್ದವು, ಏನೂ ಕೇಳಿಸಿರಲಿಲ್ಲ. ಹಾಗಾಗಿ ಅವು ಹಾದುಹೋದ ಜಾಗದಲ್ಲಿ ವಿಮಾನವಿಲ್ಲ ಎಂದು ಆ ಪ್ರದೇಶವನ್ನು ನಂತರದ ಹುಡುಕಾಟಗಳು ಬಹುಮಟ್ಟಿಗೆ ಕೈಬಿಟ್ಟಿದ್ದವು. ಎರಡು ಬೀಕನ್ ಇರುವಾಗ ಎರಡೂ ಕೆಡುವುದು ಅಪರೂಪ ಎಂಬ ತರ್ಕ ಇದರ ಹಿಂದೆ ಇತ್ತು. ಆದರೆ ಎರಡೂ ಇದ್ದದ್ದು ಒಂದೇ ವಿಮಾನದಲ್ಲಿ, ಎರಡೂ ಬಿದ್ದದ್ದು ಒಂದೇ ಹೊಡೆತಕ್ಕೆ. ಒಂದನ್ನು ಕೆಡಿಸಿದ ಹೊಡೆತ ಇನ್ನೊಂದನ್ನೂ ಕೆಡಿಸಿರಬಹುದಲ್ಲ? ಎರಡೂ ಕೆಟ್ಟಿದ್ದರೆ ಎಂದು ಮಾಡಿ ನೋಡಿದ ನಕ್ಷೆಯಲ್ಲಿ, ಕೈಬಿಟ್ಟಿದ್ದ ಪ್ರದೇಶವೇ ಮತ್ತೆ ಮುಂಚೂಣಿಗೆ ಬಂದಿತು. 2011ರ ಏಪ್ರಿಲ್ 3ರಂದು, ಹೊಸ ಹುಡುಕಾಟ ಶುರುವಾದ ಸುಮಾರು ಒಂದು ವಾರಕ್ಕೆ, ವಿಮಾನದ ಅವಶೇಷ ಅಲ್ಲಿಯೇ ಸಿಕ್ಕಿತು, ಸುಮಾರು 3,900 ಮೀಟರ್ ಆಳದಲ್ಲಿ. ಎರಡು ವರ್ಷ ತಪ್ಪಿದ್ದಕ್ಕೆ ಯಂತ್ರಗಳ ಕೊರತೆ ಕಾರಣವಲ್ಲ. ಎರಡು ಸಂಗತಿಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಒಪ್ಪಿಕೊಂಡದ್ದು ಒಂದು ದೊಡ್ಡ ಕಾರಣ.

ಅಣೆಕಟ್ಟೆಗಳಲ್ಲಿ ಇದೇ ಬಗೆಯ ತಪ್ಪು ಇನ್ನೂ ಸುಲಭವಾಗಿ ನುಸುಳುತ್ತದೆ. ಗೇಟ್ ಎತ್ತಲು ವಿದ್ಯುತ್ ಬೇಕು, ವಿದ್ಯುತ್ ಹೋದರೆ ಜನರೇಟರ್ ಇದೆ ಎನ್ನುತ್ತೇವೆ. ಆದರೆ ವಿದ್ಯುತ್ ಕಂಬ ಉರುಳಿಸುವ ಬಿರುಮಳೆಯೇ ಜನರೇಟರ್ ಕೋಣೆಗೆ ನೀರು ನುಗ್ಗಿಸಬಹುದು, ಅದೇ ಮಳೆ ಸಿಬ್ಬಂದಿ ಬರುವ ರಸ್ತೆಯನ್ನೂ ಮುಚ್ಚಬಹುದು. 1979ರ ಆಗಸ್ಟ್ 11ರಂದು ಗುಜರಾತಿನ ಮೊರ್ಬಿಯಲ್ಲಿ ಮಚ್ಛು-2 ಅಣೆಕಟ್ಟೆ ಒಡೆದು ಸಾವಿರಾರು ಜನ ಸತ್ತ ದಿನ, ವಿನ್ಯಾಸದಲ್ಲಿ ಊಹಿಸಿದ್ದಕ್ಕಿಂತ ಎಷ್ಟೋ ಹೆಚ್ಚಿನ ಪ್ರವಾಹ ಬಂದಿತ್ತು, ಅದೇ ಹೊತ್ತಿಗೆ ಕೆಲವು ಗೇಟ್‌ಗಳು ತೆರೆಯಲಿಲ್ಲ, ಸಂಪರ್ಕವೂ ಕಡಿದುಹೋಗಿತ್ತು. ಮೂರನ್ನೂ ಬಿಡಿಬಿಡಿಯಾಗಿ ಗುಣಿಸಿದರೆ ಅಂಥ ದಿನ ಬರುವುದೇ ಇಲ್ಲ ಎನಿಸುತ್ತದೆ.

ಸರಿ, ಸಂಭವನೀಯತೆ ಗೊತ್ತಾಯಿತು. ಮುಂದೇನು ಮಾಡಬೇಕು? ಜಾಲಕ್ಕೆ ಇನ್ನೆರಡು ಬಗೆಯ ಬಿಂದು ಸೇರಿಸಿದರೆ ಅದು ನಿರ್ಧಾರದ ಚಿತ್ರವಾಗುತ್ತದೆ: ನಮ್ಮ ಕೈಯಲ್ಲಿರುವ ಆಯ್ಕೆಗೆ ಒಂದು ಚೌಕ, ಲಾಭನಷ್ಟಕ್ಕೆ ಒಂದು ವಜ್ರಾಕೃತಿ. ತುಂಗಭದ್ರೆಯಲ್ಲಿ ಆಯ್ಕೆ ಎಂದರೆ ಎಷ್ಟು ನೀರು ನಿಲ್ಲಿಸಬೇಕು ಎಂಬುದು. ಹೂಳಿನಿಂದಾಗಿ ಜಲಾಶಯದ ಸಾಮರ್ಥ್ಯ 133ರಿಂದ ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ. ತಜ್ಞರ ಸಮಿತಿ ಎಲ್ಲ ಮೂವತ್ತಮೂರು ಗೇಟ್‌ಗಳನ್ನೂ ಬದಲಿಸಬೇಕೆಂದು ಹೇಳಿತು. ಬದಲಿಸುವವರೆಗೆ ಪೂರ್ತಿ ತುಂಬಿಸುವುದು ಬೇಡವೆಂದು 2025ರ ಮಳೆಗಾಲದಲ್ಲಿ ಸಂಗ್ರಹವನ್ನು ಸುಮಾರು 80 ಟಿಎಂಸಿ ಅಡಿಗೆ ಸೀಮಿತಗೊಳಿಸಲಾಯಿತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಮತ್ತು ಆಂಧ್ರ, ತೆಲಂಗಾಣಗಳ ಅಚ್ಚುಕಟ್ಟಿನ ರೈತರಿಗೆ ಆ 25 ಟಿಎಂಸಿ ಎಂದರೆ ಎರಡನೇ ಬೆಳೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ.

ನನ್ನ ಕಾಲ್ಪನಿಕ ಅಂಕಿಯನ್ನೇ ಇಟ್ಟುಕೊಂಡು ಬರೀ ನೀರಿನ ಲೆಕ್ಕ ಮಾಡಿ ನೋಡಿ. ಮಿತಿ ಹಾಕಿದರೆ 25 ಟಿಎಂಸಿ ನಷ್ಟ ಖಚಿತ. ತುಂಬಿಸಿದರೆ ಶೇಕಡಾ 12 ಸಂಭವದಲ್ಲಿ, ಹೆಚ್ಚೆಂದರೆ 40 ಟಿಎಂಸಿ ಹೋಗಬಹುದು, ಅಂದರೆ ಸರಾಸರಿ 5 ಟಿಎಂಸಿ ನಷ್ಟ. ಹಾಗಿದ್ದರೆ ತುಂಬಿಸುವುದೇ ಲಾಭವಲ್ಲವೇ? ನೀರೊಂದನ್ನೇ ತೂಗಿದರೆ ಹೌದು. ಅಚ್ಚುಕಟ್ಟಿನ ರೈತರ ಅಸಮಾಧಾನದಲ್ಲಿ ಹುರುಳಿದೆ ಎಂದು ಈ ಲೆಕ್ಕ ಒಪ್ಪುತ್ತದೆ. ಆದರೆ ವಜ್ರಾಕೃತಿಯೊಳಗೆ ನದಿಪಾತ್ರದ ಹಳ್ಳಿಗಳ ಜೀವಗಳನ್ನು ಇಟ್ಟರೆ, ಎರಡು ಮೂರು ಗೇಟ್ ಒಟ್ಟಿಗೆ ಹೋಗುವ ದಿನವನ್ನು ಇಟ್ಟರೆ, ಮಳೆ ನಿಂತ ಮೇಲೆ ಗೇಟ್ ಮುರಿದು ಮತ್ತೆ ತುಂಬುವ ಅವಕಾಶವೇ ಇಲ್ಲದ ಸ್ಥಿತಿಯನ್ನು ಇಟ್ಟರೆ, ತಕ್ಕಡಿ ಬೇರೆ ಕಡೆ ವಾಲುತ್ತದೆ. ಇನ್ನೊಂದು ಮುಖ್ಯ ಬಾಣವೂ ಇದೆ. ನೀರಿನ ಮಟ್ಟ ಮುರಿಯುವ ಸಂಭವವನ್ನೇ ಬದಲಿಸುತ್ತದೆ. ಗೇಟ್‌ಗೆ ಒತ್ತಿ ನಿಂತ ನೀರಿನ ಎತ್ತರ ಅರ್ಧಕ್ಕೆ ಇಳಿದರೆ, ಅದರ ಮೇಲಿನ ಒಟ್ಟು ತಳ್ಳುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಅಂದರೆ ಕೆಲವೇ ಅಡಿ ಕಡಿಮೆ ತುಂಬಿಸಿದರೂ ಅಪಾಯ ಬಹಳಷ್ಟು ತಗ್ಗಬಹುದು. ತುಂಬಿಸುವುದು, ಬಿಡುವುದು ಎಂಬ ಎರಡೇ ದಾರಿಗಳಿಲ್ಲ. ನಡುವಿನ ಪ್ರತಿ ಅಡಿಗೂ ಒಂದು ಬೆಲೆ, ಒಂದು ಸಂಭವನೀಯತೆ ಇದೆ.

ಜೀವಕ್ಕೆ ಎಷ್ಟು ತೂಕ, ಬೆಳೆಗೆ ಎಷ್ಟು ತೂಕ ಎಂದು ಜಾಲ ಹೇಳುವುದಿಲ್ಲ, ಹೇಳಬಾರದು ಕೂಡ. ಅದು ಚುನಾಯಿತ ಸರ್ಕಾರ ಜನರ ಮುಂದೆ ನಿಂತು ಹೇಳಬೇಕಾದ್ದು. ಈ ವಿಧಾನದ ಬಗ್ಗೆ ನನಗಿರುವ ದೊಡ್ಡ ಗೌರವ ಅದರ ಗಣಿತಕ್ಕಲ್ಲ, ಯಾವುದು ಎಂಜಿನಿಯರ್‌ನ ಅಂದಾಜು, ಯಾವುದು ಸಮಾಜದ ಆಯ್ಕೆ ಎಂದು ಅದು ಎರಡು ಬೇರೆ ಜಾಗಗಳಲ್ಲಿ ಬರೆಯಿಸುತ್ತದೆ ಎಂಬುದಕ್ಕೆ. ಈಗ ಎರಡೂ ಒಂದೇ ವಾಕ್ಯದಲ್ಲಿ ಬೆರೆತು ‘ತಾಂತ್ರಿಕ ಕಾರಣಗಳಿಂದ’ ಎಂಬ ಪ್ರಕಟಣೆಯಾಗಿ ಹೊರಬರುತ್ತವೆ, ರೈತ ಯಾರನ್ನು ಏನೆಂದು ಪ್ರಶ್ನಿಸಬೇಕೆಂದು ತಿಳಿಯದೆ ನಿಲ್ಲುತ್ತಾನೆ.

ಇನ್ನೊಂದು ಆಯ್ಕೆಯನ್ನು ನಾವು ಸಾಮಾನ್ಯವಾಗಿ ಆಯ್ಕೆಯೆಂದೇ ಎಣಿಸುವುದಿಲ್ಲ: ನಿರ್ಧರಿಸುವ ಮೊದಲು ಪರೀಕ್ಷೆ ಮಾಡಿಸುವುದು. ಸವೆತವನ್ನು ನೂರಕ್ಕೆ ತೊಂಬತ್ತು ಬಾರಿ ಹಿಡಿಯುವ, ಗಟ್ಟಿ ಚೈನ್‌ಗಳನ್ನು ನೂರಕ್ಕೆ ಐದು ಬಾರಿ ತಪ್ಪಾಗಿ ಸವೆದಿವೆ ಎನ್ನುವ ಪರೀಕ್ಷೆ ಇದೆ ಎಂದುಕೊಳ್ಳಿ. ಯಾವ ಗೇಟೂ ಮುರಿಯದ ಸಾಮಾನ್ಯ ವರ್ಷದಲ್ಲಿ, ಶೇಕಡಾ 10ರ ಅನುಮಾನದಿಂದ ಆರಂಭಿಸಿದರೆ, ಪರೀಕ್ಷೆ ‘ಸವೆದಿದೆ’ ಎಂದರೆ ಅನುಮಾನ 67ಕ್ಕೆ ಏರುತ್ತದೆ, ‘ಸರಿಯಿದೆ’ ಎಂದರೆ ಶೇಕಡಾ 1ರ ಹತ್ತಿರಕ್ಕೆ ಇಳಿಯುತ್ತದೆ. ಪರೀಕ್ಷೆಗೆ ಖರ್ಚು ಮಾಡುವ ಮೊದಲೇ ಅದರಿಂದ ನಿರ್ಧಾರ ಎಷ್ಟು ಸುಧಾರಿಸುತ್ತದೆ, ಅದಕ್ಕೆ ಎಷ್ಟು ಖರ್ಚು ಮಾಡಬಹುದು ಎಂದು ಜಾಲದಿಂದ ಲೆಕ್ಕ ತೆಗೆಯಬಹುದು. ಬೇಸಿಗೆಯಲ್ಲಿ ನೀರು ಗೇಟ್‌ಗಿಂತ ಕೆಳಗಿಳಿದಾಗ ಮಾಡುವ ಪರೀಕ್ಷೆಗೂ, ಆಗಸ್ಟ್‌ನಲ್ಲಿ ಗೇಟ್ ಮುರಿದ ಮೇಲೆ ಮಾಡುವ ಪರೀಕ್ಷೆಗೂ ಬೆಲೆಯಲ್ಲಿ ಅಜಗಜಾಂತರವಿದೆ. ಮುರಿದ ಮೇಲೆ ಮಾಡುವ ಪರೀಕ್ಷೆಯ ಬೆಲೆಯನ್ನು ಟಿಎಂಸಿಗಳಲ್ಲಿ ಕೊಡಬೇಕಾಗುತ್ತದೆ.

ಈ ಕೋಷ್ಟಕಗಳಿಗೆ ಅಂಕಿ ಎಲ್ಲಿಂದ ಬರುತ್ತವೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಗೇಟ್ ಮುರಿಯುವುದು ಅಪರೂಪ. ಸಾವಿರಾರು ಉದಾಹರಣೆ ಎಲ್ಲಿಯೂ ಸಿಗುವುದಿಲ್ಲ. ಇತರ ಅಣೆಕಟ್ಟೆಗಳ ದಾಖಲೆ, ಉಕ್ಕಿನ ಸವೆತದ ಪ್ರಯೋಗಗಳು ಸ್ವಲ್ಪ ನೆರವಾಗುತ್ತವೆ, ಉಳಿದದ್ದು ಅನುಭವಿಗಳ ಅಂದಾಜು. ಅದನ್ನು ಕೇಳುವ ಬಗೆಯಲ್ಲಿಯೇ ಅರ್ಧ ಕೆಲಸವಿದೆ. ಗೇಟ್ ಆಪರೇಟರ್‌ಗೆ ‘ಸಂಭವನೀಯತೆ ಎಷ್ಟು?’ ಎಂದರೆ ಆತ ಮೌನವಾಗುತ್ತಾನೆ. ‘ಇಂಥ ನೂರು ಚೈನ್‌ಗಳನ್ನು ಬಿಚ್ಚಿ ನೋಡಿದರೆ ಎಷ್ಟರಲ್ಲಿ ಲಿಂಕ್ ಸವೆದಿರಬಹುದು?’ ಎಂದರೆ ಯೋಚಿಸಿ ಒಂದು ಅಂಕಿ ಹೇಳುತ್ತಾನೆ. ಮೇಲಧಿಕಾರಿಯನ್ನು ಅದೇ ಕೋಣೆಯಲ್ಲಿ ಕೂರಿಸಿದರೆ ಆ ಅಂಕಿ ಬೇರೆಯಾಗುತ್ತದೆ; ಆದ್ದರಿಂದ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೇಳಬೇಕು. ಬಂದ ಅಂಕಿಗಳನ್ನು ಸ್ವಲ್ಪ ಹೆಚ್ಚುಕಡಿಮೆ ಮಾಡಿ ನೋಡಿ, ಯಾವುದು ಬದಲಾದರೆ ನಿರ್ಧಾರವೇ ತಿರುಗುತ್ತದೆಯೋ ಅದರ ಮೇಲೆ ಮಾತ್ರ ಹೆಚ್ಚು ಶ್ರಮ ಹಾಕಬೇಕು. ನನ್ನ ಉದಾಹರಣೆಯಲ್ಲಿ ಆರಂಭದ ಶೇಕಡಾ 10ರ ಬದಲು 5 ಇಟ್ಟರೂ, ಒಂದು ಗೇಟ್ ಮುರಿದ ಮೇಲೆ ಸವೆತದ ಅನುಮಾನ 70 ದಾಟುತ್ತದೆ. ಅಂಕಿ ಅಂದಾಜಿನದ್ದಾದರೂ ತೀರ್ಮಾನ ಅಲುಗುವುದಿಲ್ಲ.

ನಿಜವಾದ ತೊಡಕುಗಳು ಬೇರೆ ಇವೆ. ಒಂದು ಬಿಂದುವಿಗೆ ಹತ್ತು ಕಡೆಯಿಂದ ಬಾಣ ಬಂದರೆ, ಪ್ರತಿಯೊಂದಕ್ಕೂ ಎರಡೇ ಸ್ಥಿತಿಗಳಿದ್ದರೂ, ಕೋಷ್ಟಕದಲ್ಲಿ 1,024 ಸಾಲುಗಳಾಗುತ್ತವೆ. ಅಷ್ಟನ್ನು ಯಾವ ತಜ್ಞನೂ ಪ್ರಾಮಾಣಿಕವಾಗಿ ತುಂಬಲಾರ. ಎಲ್ಲಕ್ಕಿಂತ ದೊಡ್ಡದೆಂದರೆ ಚಿತ್ರದಲ್ಲಿ ಬರೆಯದ ಬಿಂದು. ಮೇಲಿನ ಇನ್ನೊಂದು ಅಣೆಕಟ್ಟೆಯಿಂದ ಹಠಾತ್ತನೆ ಬಿಡುವ ನೀರನ್ನು ಯಾರೂ ಸೇರಿಸದಿದ್ದರೆ, ಎಷ್ಟೇ ನಿಖರವಾಗಿ ಲೆಕ್ಕ ಮಾಡಿದರೂ ಜಾಲ ಅದರ ಬಗ್ಗೆ ಚಕಾರವೆತ್ತುವುದಿಲ್ಲ. ದಶಮಾಂಶದ ಮೂರು ಸ್ಥಾನಗಳವರೆಗೆ ಬಂದ ಉತ್ತರ ನೋಡಿ ನಿಶ್ಚಿಂತರಾಗುವವರಿಗೆ ಈ ವಿಧಾನ ಪಟ್ಟಿಗಿಂತ ಹೆಚ್ಚು ಅಪಾಯಕಾರಿ.

2024ರಲ್ಲಿ ಕೊನೆಗೆ ಮಳೆ ಕೈಹಿಡಿಯಿತು, ಅದೇ ಹಂಗಾಮಿನಲ್ಲಿ ಜಲಾಶಯ ಮತ್ತೆ ತುಂಬಿತು. ಅದರಿಂದ ಎಲ್ಲವೂ ಸರಿಯಾಗಿತ್ತು ಎಂಬ ಭಾವನೆ ಹಲವರಲ್ಲಿ ಮೂಡಿತು. ಫಲ ಚೆನ್ನಾಗಿ ಬಂದಿತೆಂಬ ಮಾತ್ರಕ್ಕೆ ಹಿಂದಿನ ವರ್ಷಗಳ ನಿರ್ವಹಣೆ ಚೆನ್ನಾಗಿತ್ತು ಎಂದಾಗುವುದಿಲ್ಲ. ನಿರ್ಧಾರವನ್ನು ಅಳೆಯಬೇಕಾದದ್ದು ಅದನ್ನು ತೆಗೆದುಕೊಂಡ ದಿನ ಏನೇನು ಗೊತ್ತಿತ್ತು, ಏನೇನು ಗೊತ್ತುಮಾಡಿಕೊಳ್ಳಬಹುದಾಗಿತ್ತು ಎಂಬುದರಿಂದ.

ದೇಶದಲ್ಲಿ ಐದು ಸಾವಿರಕ್ಕೂ ಹೆಚ್ಚು ದೊಡ್ಡ ಅಣೆಕಟ್ಟೆಗಳಿವೆ, ಅವುಗಳಲ್ಲಿ ಹಲವಕ್ಕೆ ನೂರು ವರ್ಷ ದಾಟಿದೆ. 2021ರ ಡಿಸೆಂಬರ್ 30ರಿಂದ ಜಾರಿಯಲ್ಲಿರುವ ಅಣೆಕಟ್ಟು ಸುರಕ್ಷತಾ ಕಾಯ್ದೆ, ಮಾಲೀಕರು ಮೊದಲ ಅಪಾಯ ಅಧ್ಯಯನವನ್ನು ಐದು ವರ್ಷಗಳೊಳಗೆ ಮಾಡಬೇಕು ಎನ್ನುತ್ತದೆ. ಅಂದರೆ 2026ರ ಡಿಸೆಂಬರ್ ಕೊನೆಯ ಗಡುವು. ಆ ಅಧ್ಯಯನಗಳು ಮತ್ತೆ ಕೆಂಪು, ಹಳದಿ, ಹಸಿರು ಪಟ್ಟಿಗಳಾಗಿ ಕಡತ ಸೇರುವುದು ಬಹಳ ಸುಲಭ. ಸಣ್ಣ ಜಾಲ ಸಾಕು, ಹದಿನೈದು ಇಪ್ಪತ್ತು ಬಿಂದುಗಳಿದ್ದರೂ ಸಾಕು, ಆದರೆ ಚಿತ್ರ, ಕೋಷ್ಟಕ, ಯಾವ ಅಂಕಿಯನ್ನು ಯಾವ ಆಧಾರದ ಮೇಲೆ ಕೊಟ್ಟರು ಎಂಬ ಟಿಪ್ಪಣಿ ಮೂರೂ ವರದಿಯ ಜೊತೆಗಿರಬೇಕು. ಪ್ರತಿ ಮಳೆಗಾಲದ ನಂತರ, ಯಾವುದೇ ಅಣೆಕಟ್ಟೆಯಲ್ಲಿ ಒಂದು ಚೈನ್ ತುಂಡಾದಾಗ, ಅದೇ ಬಗೆಯ ಚೈನ್ ಇರುವ ಎಲ್ಲ ಅಣೆಕಟ್ಟೆಗಳ ಕೋಷ್ಟಕಗಳೂ ತಿದ್ದುಪಡಿಯಾಗಬೇಕು. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಕೂರುವ ಶಾಸಕರು, ರೈತ ಮುಖಂಡರು ಆ ವರದಿ ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇದರಲ್ಲಿ ಗೇಟ್‌ಗಳಿಗೆಲ್ಲ ಸಾಮಾನ್ಯವಾದ ಕಾರಣಗಳನ್ನು ಎಲ್ಲಿ ಬರೆದಿದ್ದೀರಿ?